ಸಣ್ಣ ಗಾಳಿ, ದೊಡ್ಡ ಗಾಳಿ

ಮುಂದಿನ ತಿಂಗಳಿಂದ ಅಪ್ಪ ಕೌಂಟರಿನ ಸ್ಟೂಲಿನ ಮೇಲೆ ಕೂರುವುದು ಬೇಡವೆಂದು ಮಗ ಹೇಳಿದ್ದು ಬೆಳಗಿನ ಗಂಜಿ ಬಡಿಸುವ ಹೊತ್ತಿನಲ್ಲಿ. ಅಪ್ಪ ಇನ್ನೂ ಒಳಕೋಣೆಯಲ್ಲಿ ಅಂಗಿಯ ಗುಂಡಿಗಳೊಂದಿಗೆ ಹೆಣಗುತ್ತಿದ್ದರು. ಅವರಿಗೆ ಕೇಳಿಸಬಾರದೆಂದು ಮಗ ದನಿ ತಗ್ಗಿಸಿದ್ದ. ಅವನ ತಾಯಿ, ಮನೆಯ ಯಜಮಾನಿತಿ, ಸೌಟು ನಿಲ್ಲಿಸಲಿಲ್ಲ. ಆ ಸ್ಟೂಲಿನ ಮೇಲೆ ಮತ್ತೆ ಯಾರು ಕೂರುತ್ತಾರೆ ಎಂದಷ್ಟೇ ಕೇಳಿದರು. ಬಸ್ ನಿಲ್ದಾಣದ ಎದುರಿನ ದೊಡ್ಡ ಕನ್ನಡಕದ ಅಂಗಡಿಯಲ್ಲಿ ಕೆಲಸ ಕಲಿತ ಒಬ್ಬನ ಹತ್ತಿರ ಮಾತಾಡಿದ್ದೇನೆ, ಒಂದನೇ ತಾರೀಖಿಗೆ ಬರುತ್ತಾನೆ ಎಂದು ಮಗ ಹೇಳಿದ.

ಮನೆಯ ಮುಂಭಾಗವೇ ಅಂಗಡಿ. ಗೋಡೆಯ ತುಂಬ ಕನ್ನಡಕದ ಫ್ರೇಮುಗಳು, ಒಂದು ಕೌಂಟರ್, ಅದರ ಹಿಂದೆ ಎತ್ತರದ ಸ್ಟೂಲು. ಒಳಗಿನ ಇಕ್ಕಟ್ಟಾದ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ, ಅದು ಮಗನದು. ಗಿರಾಕಿಯ ಎದುರು ಕೂತು, ಮೂಗಿನ ಏರನ್ನೂ ಕಿವಿಯ ತಗ್ಗನ್ನೂ ನೋಡಿ, ಫ್ರೇಮಿನ ಕಡ್ಡಿ ಬಗ್ಗಿಸಿ, ಕನ್ನಡಕವನ್ನು ಮುಖಕ್ಕೆ ಹೊಂದಿಸುವ ಕೆಲಸ ಅಪ್ಪನದು. ಬೀದಿಯವರು ಅವರನ್ನು ಕನ್ನಡಕದವರು ಎಂದೇ ಕರೆಯುತ್ತಿದ್ದರು. ಪಾರ್ಕಿನ್ಸನ್ ಕಾಯಿಲೆ ಹಿಡಿದು ಕೆಲವು ವರ್ಷಗಳಾದರೂ ಆ ಸ್ಟೂಲು ಮಾತ್ರ ಅವರನ್ನು ಬಿಟ್ಟಿರಲಿಲ್ಲ.

ಹಿಂದಿನ ದಿನ ಒಬ್ಬ ಹೆಂಗಸು ಹೊಸ ಕನ್ನಡಕಕ್ಕೆಂದು ಬಂದು ಕೂತಿದ್ದಳು. ಕನ್ನಡಕದವರು ಫ್ರೇಮು ಹಿಡಿದು ಅವಳ ಮುಖದ ಹತ್ತಿರ ಬಾಗಿದಾಗ ಅವರ ಕುತ್ತಿಗೆ ಒಂದು ಕಡೆಗೆ ತಿರುಚಿತು, ಹೆಗಲು ಮೇಲೆದ್ದಿತು, ಸೊಂಟದಿಂದ ಮೇಲಿನ ಮೈಯೆಲ್ಲ ದೋಣಿಯಲ್ಲಿ ನಿಂತವರಂತೆ ತೂಗಿತು. ಕಡ್ಡಿಯ ತುದಿ ಅವಳ ರೆಪ್ಪೆಗೆ ಸೋಕುವಷ್ಟು ಹತ್ತಿರ ಹಾದುಹೋಯಿತು. ಹೆಂಗಸು ಎದ್ದು ನಿಂತು, ಬಾಗಿಲಲ್ಲಿದ್ದ ಯಜಮಾನಿತಿಯ ಮುಖ ನೋಡಿ, ಬಾಟಲಿಯನ್ನು ಸಂಜೆಯವರೆಗಾದರೂ ಮುಚ್ಚಿಡಬಾರದೇ ಎಂದು ಬೀದಿಗೆ ಕೇಳುವಂತೆ ಹೇಳಿ ಹೊರಟುಹೋದಳು. ಕೆಮ್ಮಿನ ಔಷಧಿಯನ್ನೂ ಎರಡು ಸಲ ಮೂಸಿ ನೋಡಿ ಕುಡಿಯುವ ಮನುಷ್ಯನಿಗೆ ಬಂದ ಮಾತು ಅದು.

"ನಾಳೆ ಆ ಕಡ್ಡಿ ಯಾರ ಕಣ್ಣಿಗಾದ್ರೂ ಚುಚ್ಚಿದ್ರೆ ಏನ್ಮಾಡ್ತೀಯಮ್ಮ?" ಎಂದ ಮಗ.

"ಚುಚ್ಚಿಲ್ವಲ್ಲ."

"ಚುಚ್ಚೋವರೆಗೂ ಕಾಯ್ಬೇಕಾ?"

"ಆ ಸ್ಟೂಲಿಂದ ಇಳಿಸಿದ್ರೆ ಅವರು ನೇರ ಹಾಸಿಗೆಗೆ ಹೋಗ್ತಾರೆ. ಮತ್ತೆ ಏಳಲ್ಲ. ಅದು ನಿನಗೂ ಗೊತ್ತು."

"ನನಗೆ ಗೊತ್ತು. ಗಿರಾಕಿಗಳಿಗೆ ಗೊತ್ತಿಲ್ವಲ್ಲ."

ಡಾಕ್ಟರನ್ನು ಕಂಡು ಬರುವವರೆಗೆ ಸುಮ್ಮನಿರು ಎಂದು ಯಜಮಾನಿತಿ ಮಗನಿಂದ ಮಾತು ತೆಗೆದುಕೊಂಡರು. ಗಾಳಿ ಜೋರಾಗಿದೆ ಎಂದು ಹೇಳಿ ಮಾತ್ರೆ ಏರಿಸಿಕೊಂಡು ಬರುತ್ತೇನೆ, ಆಮೇಲೆ ನೋಡು ಎಂದರು. ಮಗ ಗಂಜಿ ಮುಗಿಸಿ ಎದ್ದ. ಯಂತ್ರದ ಸದ್ದು ಶುರುವಾಯಿತು.

ಗಾಳಿ ಎನ್ನುವುದು ಆ ಮನೆಯ ಮಾತು. ಕಾಯಿಲೆಯ ಮೊದಲ ದಿನಗಳಲ್ಲಿ ಕನ್ನಡಕದವರ ಬಲಗೈ ಕೌಂಟರಿನ ಮೇಲೆ ತಾನಾಗಿ ನಡುಗುತ್ತಿದ್ದುದನ್ನು ಕಂಡು ಒಬ್ಬ ಗಿರಾಕಿ ಏನೆಂದು ವಿಚಾರಿಸಿದ್ದ. ಯಜಮಾನಿತಿ ಫ್ಯಾನಿನ ಗಾಳಿ ಹೆಚ್ಚಾಯಿತೆಂದು ಹೇಳಿ ಸ್ವಿಚ್ ಆರಿಸಿದ್ದರು. ಅಂದಿನಿಂದ ಆ ಮಾತು ಮನೆಯಲ್ಲಿ ಕಾಯಂ ಆಯಿತು. ಗಿರಾಕಿಗಳ ಎದುರಿಗೇ "ಗಾಳಿ ಬಂತೇನೋ" ಎಂದು ಕೇಳಬಹುದಾಗಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅವರು ತಲೆಯಾಡಿಸಿದರೆ ಯಜಮಾನಿತಿ ನೀರಿನ ಲೋಟದೊಂದಿಗೆ ಅರ್ಧ ಮಾತ್ರೆ ತಂದು ಕೊಡುತ್ತಿದ್ದರು. ನಡುಕ ತಡೆಯಲಾಗದಷ್ಟು ಬಂದಾಗ ಅರ್ಧ ಹೆಚ್ಚಿಗೆ ಕೊಡಬಹುದೆಂದು ಡಾಕ್ಟರೇ ಹೇಳಿದ್ದರು. ಆ ಹಿರಿಯ ಡಾಕ್ಟರಿಗೂ ಮಾತು ಹಿಡಿಸಿ, ಹೋದಾಗಲೆಲ್ಲ "ಗಾಳಿ ಹೇಗಿದೆ?" ಎಂದೇ ಕೇಳುತ್ತಿದ್ದರು. ಜೋರು ಎಂದರೆ ಮಾತ್ರೆ ಒಂದಿಷ್ಟು ಏರುತ್ತಿತ್ತು.

ಆ ವಾರವೆಲ್ಲ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ಮಗ ಯಂತ್ರ ನಿಲ್ಲಿಸಿ ನಿಲ್ಲಿಸಿ ಹೊರಗೆ ಇಣುಕುತ್ತಿದ್ದ. ತನ್ನನ್ನು ಕಾಯುತ್ತಿದ್ದಾನೆಂದು ಕನ್ನಡಕದವರಿಗೆ ಗೊತ್ತಾಗಿ, ಗಾಜು ಉಜ್ಜುವವನಿಗೆ ಗಾಜಿನ ಮೇಲೆ ಗಮನವಿದ್ದರೆ ಸಾಲದೇ ಎಂದು ಗೊಣಗುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಕೂತರೆ ಅವರ ಪಾದ ಮೇಜಿನ ಕೆಳಗೆ ನೆಲವನ್ನು ಸವರುತ್ತಾ ಸುತ್ತು ಹಾಕುತ್ತಿತ್ತು. ಬೇಯಿಸಿದ ಮೊಟ್ಟೆಯನ್ನು ಚಮಚದಲ್ಲಿ ಬಾಯಿಯವರೆಗೆ ತರುವಷ್ಟರಲ್ಲಿ ಬಾಯಿಯೇ ಜಾಗ ಬದಲಿಸಿರುತ್ತಿತ್ತು.

"ಮೊಟ್ಟೆ ನನ್ನನ್ನ ಹುಡುಕ್ಕೊಂಡು ಬರ್ತಿದೆ, ಸಿಕ್ಕಿಬೀಳೋದು ಬೇಡ ಅಂತ ತಪ್ಪಿಸ್ಕೊಳ್ತಿದೀನಿ," ಎಂದರು ಅವರು ಒಂದು ದಿನ.

ಸೊಸೆ ನಕ್ಕಳು. ಯಜಮಾನಿತಿ ನಗದೆ ಗಾಳಿ ಬಂತು ಎಂದು ಹೇಳಿ ಡಬ್ಬಿಯ ಕಡೆಗೆ ಎದ್ದರು.

ಸೊಸೆ ಹತ್ತಿರದ ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಮಾತು ಕಡಿಮೆ, ಆಡಿದರೆ ನೇರ. ಅತ್ತೆ ಅರ್ಧ ಮಾತ್ರೆ ಮುರಿಯುವುದನ್ನು ನೋಡುತ್ತಾ ಕೇಳಿದಳು:

"ಅತ್ತೆ, ಈಗಷ್ಟೇ ಮಾತ್ರೆ ತಗೊಂಡ್ರಲ್ಲ ಮಾವ?"

"ತಗೊಂಡ್ರು. ಆದ್ರೂ ಗಾಳಿ ನಿಂತಿಲ್ಲ, ಕಾಣಿಸ್ತಿಲ್ವಾ ನಿನಗೆ?"

"ಕಾಣಿಸ್ತಿದೆ. ಅದಕ್ಕೇ ಕೇಳಿದೆ."

ನೀನು ಕಚೇರಿಯಲ್ಲಿ ಕೇಳುವಂತೆ ಮನೆಯಲ್ಲೂ ಕೇಳಬೇಡ ಕಣಮ್ಮ ಎಂದು ಯಜಮಾನಿತಿ ಮಾತು ಮುಗಿಸಿದರು. ಕನ್ನಡಕದವರು ಬಾಯಿ ತೆರೆದರು, ಮಾತ್ರೆ ನುಂಗಿದರು, ಯಾರ ಮುಖವನ್ನೂ ನೋಡಲಿಲ್ಲ.

ಆಸ್ಪತ್ರೆಗೆ ಅವರು ಯಾವಾಗಲೂ ಬೆಳಗ್ಗೆಯೇ ಹೋಗುತ್ತಿದ್ದರು. ಅಂಗಡಿ ತೆರೆಯುವುದರೊಳಗೆ ಹಿಂತಿರುಗಬೇಕೆಂಬ ಹಟ ಕನ್ನಡಕದವರದು. ಹೀಗಾಗಿ ಮೊದಲ ಮಾತ್ರೆ ಮೈಗೆ ಹತ್ತುವ ಮುಂಚೆಯೇ ಡಾಕ್ಟರ ಎದುರು ಕೂತಿರುತ್ತಿದ್ದರು: ಬೆನ್ನು ಬಿಗಿದು, ಮುಖ ಗೋಡೆಯಂತಾಗಿ, ಬಲಗೈಯ ಬೆರಳುಗಳು ಮಾತ್ರ ನಡುಗುತ್ತಾ. ಡಾಕ್ಟರು ಕಂಡದ್ದು ಅಷ್ಟನ್ನೇ.

ಈ ಸಲ ಸೊಸೆಯೂ ಜೊತೆಗೆ ಬಂದಿದ್ದಳು. ಹಿರಿಯ ಡಾಕ್ಟರು ರಜೆಯಲ್ಲಿದ್ದರು. ಅವರ ಕುರ್ಚಿಯಲ್ಲಿ ಒಬ್ಬ ಡಾಕ್ಟರಮ್ಮ ಕೂತಿದ್ದರು. ಮಗನಿಗಿಂತ ಚಿಕ್ಕ ವಯಸ್ಸು, ಮೂಗಿನ ತುದಿಗೆ ಜಾರಿದ ಕನ್ನಡಕ. ಅದನ್ನು ಸರಿಪಡಿಸಲು ಕೈ ತುರಿಸುತ್ತಿದೆಯೆಂದು ಕನ್ನಡಕದವರು ಸೊಸೆಯ ಕಿವಿಯಲ್ಲಿ ಹೇಳಿದರು. ಡಾಕ್ಟರಮ್ಮ ಹೇಗಿದ್ದಾರೆಂದು ಕೇಳಿದ್ದಕ್ಕೆ ಯಜಮಾನಿತಿ ಗಾಳಿ ಬಹಳ ಜೋರಾಗಿದೆ ಎಂದರು.

"ಗಾಳಿ ಅಂದ್ರೆ?"

ಯಜಮಾನಿತಿ ತಬ್ಬಿಬ್ಬಾದರು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಸೊಸೆ ಬಾಯಿ ಹಾಕಿ, ಮಾವನ ಮೈ ಅಲುಗಾಡುವುದಕ್ಕೆ ಮನೆಯಲ್ಲಿ ಹಾಗೆನ್ನುತ್ತೇವೆ ಎಂದಳು. ಡಾಕ್ಟರಮ್ಮ ಕನ್ನಡಕದವರ ಬೆರಳುಗಳ ಕಡೆ ನೋಡಿ, ಇದೇನಾ ಎಂದು ಕೇಳಿದರು.

"ಇದು ಸಣ್ಣ ಗಾಳಿ," ಎಂದರು ಯಜಮಾನಿತಿ. "ದೊಡ್ಡದು ಬೇರೆ. ಅದಕ್ಕೇ ಮಾತ್ರೆ ಏರಿಸಿ ಅಂತ ಕೇಳೋಕೆ ಬಂದಿದ್ದು."

"ದೊಡ್ಡದು ಹೇಗಿರತ್ತೆ?"

"ಹೇಗೆ ಅಂದ್ರೆ, ಈಗ ಬಂದಿಲ್ವಲ್ಲ."

"ಬಂದಿಲ್ಲ. ನೀವು ಮಾಡಿ ತೋರಿಸಿ."

ಯಜಮಾನಿತಿ ಸೊಸೆಯ ಮುಖ ನೋಡಿದರು. ಮದುವೆಯಾಗಿ ಬಂದಾಗಿನಿಂದ ನಾಲ್ಕು ಜನರ ಎದುರು ಗಟ್ಟಿಯಾಗಿ ಸೀನಿದವರೂ ಅಲ್ಲ ಅವರು. ಕೈಚೀಲವನ್ನು ಸೊಸೆಯ ಮಡಿಲಿಗೆ ಹಾಕಿ ಎದ್ದು ನಿಂತರು. ಮೊದಲು ಬಲಗೈ ಇಳಿಬಿಟ್ಟು ಹೆಬ್ಬೆರಳಿನಿಂದ ತೋರುಬೆರಳನ್ನು ದಾರ ಹೊಸೆಯುವಂತೆ ಉಜ್ಜಿದರು. ಇದು ಸಣ್ಣದು ಎಂದರು. ಆಮೇಲೆ ನೆನಪಿಸಿಕೊಂಡವರಂತೆ ಎಡ ಹೆಗಲನ್ನು ಮೇಲೆತ್ತಿದರು. ಕುತ್ತಿಗೆ ತಿರುಚಿತು. ಸೊಂಟ ಒಂದು ಕಡೆಗೆ ವಾಲಿ ಇನ್ನೊಂದು ಕಡೆಗೆ ಮರಳಿತು. ಪಾದ ಚಪ್ಪಲಿಯಿಂದ ಕಳಚಿಕೊಂಡು ನೆಲದ ಮೇಲೆ ಸುತ್ತು ಹಾಕಿತು. ಮೂರು ಹೊತ್ತೂ ಎದುರಿಗೆ ಕೂತು ನೋಡಿದ ಚಲನೆ ಅದು. ಒಂದು ಎಳೆಯೂ ತಪ್ಪಲಿಲ್ಲ. ಸೊಸೆಗೆ ಮಾವನೇ ಎದ್ದು ನಿಂತಂತೆ ಕಂಡಿತು.

ಕನ್ನಡಕದವರು ಹೆಂಡತಿಯನ್ನು ನೋಡುತ್ತಾ ಕೂತಿದ್ದರು. ಇದನ್ನು ಅವರು ಹೊರಗಿನಿಂದ ಎಂದೂ ಕಂಡವರಲ್ಲ.

"ನಾನು ಇಷ್ಟು ಕೆಟ್ಟದಾಗಿ ಕುಣೀತೀನಾ?" ಎಂದರು, ತುಟಿ ಅಲುಗಿಸದೆ.

ಡಾಕ್ಟರಮ್ಮ ನಗಲಿಲ್ಲ. ಮೊದಲನೆಯದು ಯಾವಾಗ ಬರುತ್ತದೆಂದು ಕೇಳಿದರು. ಮಾತ್ರೆಗೆ ಮುಂಚೆ ಎಂದರು ಯಜಮಾನಿತಿ. ಎರಡನೆಯದು ಯಾವಾಗ ಎಂಬ ಪ್ರಶ್ನೆಗೆ ಉತ್ತರಿಸಲು ಬಾಯಿ ತೆರೆದವರು ತೆರೆದಂತೆಯೇ ನಿಂತರು. ಹೆಗಲು ಇನ್ನೂ ಮೇಲೆಯೇ ಇತ್ತು.

"ಮಾತ್ರೆ ಆದ ಮೇಲೆ," ಎಂದಳು ಸೊಸೆ.

"ಎರಡನೇದು ಬಂದಾಗ ಏನ್ ಕೊಡ್ತಿದ್ರಿ?"

"ಅರ್ಧ," ಎಂದರು ಯಜಮಾನಿತಿ. "ಅದೇ ಮಾತ್ರೆ, ಅರ್ಧ."

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಮೊದಲನೆಯ ನಡುಕ ಕಾಯಿಲೆಯದು. ಎರಡನೆಯ ತೂಗಾಟ ಕಾಯಿಲೆಯದಲ್ಲ, ಮಾತ್ರೆಯದು. ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಹಲವರಿಗೆ, ಅದರ ಪ್ರಭಾವ ಮೈಯಲ್ಲಿ ತುಂಬಿದ ಹೊತ್ತಿಗೆ ಹೀಗೆ ಬರುತ್ತದೆ. ಅದಕ್ಕೆ ಮತ್ತೆ ಅದೇ ಮಾತ್ರೆ ಕೊಟ್ಟರೆ ತೂಗಾಟ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಮನೆಯಲ್ಲಿ ಅಳತೆ ತಪ್ಪಿರಲಿಲ್ಲ, ಹೊತ್ತೂ ತಪ್ಪಿರಲಿಲ್ಲ; ಎರಡು ಬೇರೆ ಸಂಗತಿಗಳಿಗೆ ಒಂದೇ ಹೆಸರಿಟ್ಟದ್ದರಿಂದ ಕಳೆಯಬೇಕಾದಲ್ಲಿ ಕೂಡುತ್ತಾ ಬಂದಿದ್ದರು. ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವಂತಿಲ್ಲ. ಮೇಲಿನ ಅರ್ಧ ಇನ್ನು ಬೇಡ. ದಿನದ ಮಾತ್ರೆಯನ್ನು ಸಣ್ಣ ಸಣ್ಣ ಪಾಲು ಮಾಡಿ ಹೆಚ್ಚು ಸಲ ಕೊಡಬೇಕು. ಜೊತೆಗೆ ಇನ್ನೊಂದು ಬಗೆಯ ಮಾತ್ರೆ. ತೂಗಾಟ ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದರು. ನಡುನಡುವೆ ಮೈ ಅಲುಗದಂತೆ ಹಿಡಿದುಕೊಳ್ಳುವ ಹೊತ್ತು ಹೆಚ್ಚಾಗಬಹುದು, ಅದನ್ನು ತಡೆದುಕೊಳ್ಳಬೇಕು ಎಂದೂ ಸೇರಿಸಿದರು.

ಯಜಮಾನಿತಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡರು.

ಆ ಮಧ್ಯಾಹ್ನ ಊಟದ ಮೇಜಿನಲ್ಲಿ ಸೊಸೆ ಎಲ್ಲವನ್ನೂ ಗಂಡನಿಗೆ ಹೇಳಿದಳು. ಕುಡಿದವರೆಂದು ಬೀದಿಯವರು ಆಡಿಕೊಂಡದ್ದು ಇದಕ್ಕಾ ಎಂದು ಮಗ ತಟ್ಟೆ ಸರಿಸಿದ. ಯಜಮಾನಿತಿ ತಲೆ ತಗ್ಗಿಸಿ, ನಾನೇ ಕೈಯಾರೆ ಕುಣಿಸಿದೆ, ಇನ್ನು ಯಾರನ್ನು ದೂರಲಿ ಎಂದರು. ಬ್ರೆಡ್ಡನ್ನು ಬೇಳೆ ಸಾರಿನಲ್ಲಿ ಅದ್ದಿದವರು ಹಾಗೆಯೇ ಬಿಟ್ಟರು. ಅದು ನೆನೆದು ಮುರಿದು ಬಿತ್ತು.

"ನೀನು ಕುಣಿಸಲಿಲ್ಲ," ಎಂದರು ಕನ್ನಡಕದವರು. "ನನಗೆ ಗೊತ್ತಿತ್ತು."

ಮೂವರೂ ಅವರ ಕಡೆ ತಿರುಗಿದರು.

"ಏನ್ ಗೊತ್ತಿತ್ತು ಅಪ್ಪ?"

"ಎರಡೂ ಬೇರೆ ಬೇರೆ ಅಂತ. ಮೈ ನಂದಲ್ವಾ? ಇವಳು ಗಾಳಿ ಅಂದಾಗೆಲ್ಲ ನಾನು ಬಾಯಿ ತೆರೀತಿದ್ದೆ."

"ಯಾಕೆ?" ಯಜಮಾನಿತಿಯ ದನಿ ಮೇಜಿನಿಂದಾಚೆಗೆ ಹೋಗಲಿಲ್ಲ.

"ಅರ್ಧ ಸಿಗ್ತಿತ್ತಲ್ಲ. ತೂಗಾಡ್ತಿದ್ರೂ ನಾನು ಎದ್ದು ಓಡಾಡ್ತೀನಿ, ಸ್ಕ್ರೂ ಹಾಕ್ತೀನಿ, ಅಂಗಿ ತೊಟ್ಕೊಳ್ತೀನಿ. ಹಿಡ್ಕೊಂಡಾಗ ಏನಾಗತ್ತೆ ನಿಮಗ್ಯಾರಿಗೂ ಗೊತ್ತಿಲ್ಲ. ಮೂಗಿನ ಮೇಲೆ ನೊಣ ಕೂತ್ರೂ ನೋಡ್ತಾ ಕೂರ್ಬೇಕು. ನನಗೆ ಕುಣಿಯೋದೇ ಮೇಲು."

"ನಿಮಗೆ ಮೇಲು," ಎಂದರು ಯಜಮಾನಿತಿ. "ಆ ಹೆಂಗಸು ನನ್ನ ಮುಖ ನೋಡಿ ಬಾಟಲಿ ಮುಚ್ಚಿಡು ಅಂದ್ಲು. ಆಗ್ಲೂ ನಿಮಗೆ ಗೊತ್ತಿತ್ತು. ನನಗೊಂದು ಮಾತು ಹೇಳೋಕಾಗ್ಲಿಲ್ವಾ?"

ಸ್ಟೂಲು ಉಳಿಯಲಿ ಅಂತ ಎಂದರು ಕನ್ನಡಕದವರು. ಸ್ಟೂಲು ಹೋಗುತ್ತಿರುವುದೇ ಅದರಿಂದ ಎಂದ ಮಗ. ಆ ಊಟವನ್ನು ಯಾರೂ ಮುಗಿಸಲಿಲ್ಲ. ಯಜಮಾನಿತಿ ಮಾತ್ರೆಯ ಡಬ್ಬಿಯನ್ನು ತಮ್ಮ ಕಪಾಟಿನಿಂದ ತೆಗೆದು ಗಂಡನ ಎದುರಿಗೆ ಕುಕ್ಕಿದರು. ಇನ್ನು ಮೇಲೆ ನೀವೇ ತೆಗೆದುಕೊಳ್ಳಿ, ನಾನು ಏನೂ ಕೇಳುವುದಿಲ್ಲ ಎಂದರು. ಕೋಪದಲ್ಲಿ ಆಡಿದ ಆ ಮಾತು ಒಂದು ದಿನವೂ ಉಳಿಯಲಿಲ್ಲ. ಹೊಸ ಮಾತ್ರೆಯ ಪಾಲುಗಳನ್ನು ಕತ್ತರಿಸಲು ಕನ್ನಡಕದವರ ಬೆರಳುಗಳಿಂದ ಆಗಲಿಲ್ಲ. ಬೆಳಗಾಗುವಷ್ಟರಲ್ಲಿ ಡಬ್ಬಿ ಮತ್ತೆ ಯಜಮಾನಿತಿಯ ಕೈಗೇ ಬಂದಿತ್ತು.

ಮುಂದಿನ ವಾರಗಳು ಮನೆಗೆ ಕಷ್ಟವಾದವು. ತೂಗಾಟ ಇಳಿಯುತ್ತಾ ಬಂದಿತು. ಚಮಚ ಬಾಯಿಯನ್ನು ಮುಟ್ಟುತ್ತಿತ್ತು, ಮೇಜಿನ ಕೆಳಗಿನ ಪಾದ ಬಹುಪಾಲು ಸುಮ್ಮನಿರುತ್ತಿತ್ತು. ಅದರ ಬದಲಿಗೆ ಬಚ್ಚಲಿನ ಹೊಸ್ತಿಲಲ್ಲಿ ಕಾಲು ಅಂಟಿಕೊಳ್ಳುತ್ತಿತ್ತು. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರೆ ಹಿಂದೆ ಶಾಲೆಗೆ ಹೊತ್ತಾದ ಸೊಸೆ, ಅವಳ ಹಿಂದೆ ಟವೆಲ್ ಹೊದ್ದ ಮಗ ಕಾಯಬೇಕಾಗುತ್ತಿತ್ತು. ಬಸ್ಸಿನ ಸಾಲಿನಂತೆ ನಿಂತಿದ್ದೇವೆ, ಟಿಕೆಟ್ ಕೊಡುವವರೇ ಬಂದಿಲ್ಲ ಎಂದು ಸೊಸೆ ಒಮ್ಮೆ ಹೇಳಿದಾಗ ಕನ್ನಡಕದವರಿಗೆ ನಗು ಬಂದು ಕಾಲು ಬಿಟ್ಟುಕೊಂಡಿತು. ಎಲ್ಲ ದಿನವೂ ಹಾಗಾಗುತ್ತಿರಲಿಲ್ಲ. ಕೆಲವು ಸಲ ಅವರು ಹೆಂಡತಿಯನ್ನು ಕರೆದು, ಇವತ್ತೊಂದು ದಿನ ಆ ಅರ್ಧ ಕೊಟ್ಟುಬಿಡು ಎಂದು ಅಂಗಲಾಚುತ್ತಿದ್ದರು. ಆಕೆ ಕೊಡುತ್ತಿರಲಿಲ್ಲ. ಕೊಡದೆ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು.

ಗಾಳಿ ಎಂಬ ಮಾತನ್ನು ಸೊಸೆ ಮನೆಯಲ್ಲಿ ನಿಷೇಧಿಸಿದ್ದಳು. ನಡುಕವಾದರೆ ನಡುಕ, ತೂಗಾಟವಾದರೆ ತೂಗಾಟ, ಹಿಡಿದುಕೊಂಡರೆ ಹಿಡಿದುಕೊಂಡಿದೆ ಎನ್ನಬೇಕು. ಆದರೆ ಅಂಗಡಿಯಲ್ಲಿ, ಗಿರಾಕಿಗಳ ಎದುರು, ಆ ಮಾತುಗಳನ್ನು ಆಡಲು ಯಜಮಾನಿತಿಗೆ ನಾಲಿಗೆ ಏಳುತ್ತಿರಲಿಲ್ಲ. ಅಲ್ಲಿ ಅವರು ಸುಮ್ಮನೇ ನಿಂತು ನೋಡುತ್ತಿದ್ದರು.

ಒಂದನೇ ತಾರೀಖು ಹತ್ತಿರವಾಯಿತು. ಬರಬೇಕಾದವನಿಗೆ ಏನು ಹೇಳಿದೆ ಎಂದು ತಾಯಿ ಕೇಳಿದಾಗ ಮಗ ಇನ್ನೂ ಬೇಡವೆಂದಿಲ್ಲ ಎಂದ. ತೂಗಾಟ ಕಡಿಮೆಯಾಗಿದೆ, ಒಪ್ಪುತ್ತೇನೆ. ಈಗ ಗಿರಾಕಿ ಮುಂದೆ ಕಲ್ಲಾಗಿ ಕೂತುಬಿಟ್ಟರೆ ಅದಕ್ಕೇನು ಮಾಡಲಿ, ಎಷ್ಟು ಜನ ಕಾಯುತ್ತಾರೆ ಎಂದ. ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ.

ಮಾರನೆಯ ದಿನ, ಬೀದಿ ತುಂಬಿ ಹರಿಯುವ ಹೊತ್ತಿನಲ್ಲಿ, ದಪ್ಪ ಗಾಜಿನ ಕನ್ನಡಕದ ಒಬ್ಬ ಮುದುಕರು ಬಂದರು. ಕೈಯಲ್ಲಿ ಮೀನಿನ ಬುಟ್ಟಿ. ಕಡ್ಡಿಯ ಸ್ಕ್ರೂ ಸಡಿಲವಾಗಿ ಕನ್ನಡಕ ಬುಟ್ಟಿಯೊಳಗೆ ಬೀಳುತ್ತಿದೆ, ಮೀನುಗಳಿಗೆ ಅದರಿಂದ ಉಪಯೋಗವಿಲ್ಲ ಎಂದು ಅವರು ಕನ್ನಡಕ ಕಳಚಿ ಕೊಟ್ಟರು. ಕನ್ನಡಕದವರು ಹಳೆಯ ಸ್ಕ್ರೂ ತೆಗೆದರು. ಚಿಮಟದಲ್ಲಿ ಹೊಸದನ್ನು ಹಿಡಿದು ತೂತಿನ ಬಾಯಿಗೆ ತಂದರು. ಅಲ್ಲಿಗೆ ಕೈ ನಿಂತುಹೋಯಿತು.

ಯಜಮಾನಿತಿ ಬಾಗಿಲಲ್ಲಿದ್ದರು. ಗಂಡನ ಮುಖದಿಂದ ಭಾವವೆಲ್ಲ ಇಂಗಿಹೋಗುವುದನ್ನು ಕಂಡರು. ಕೈ ತಾನಾಗಿ ಡಬ್ಬಿಯ ಕಡೆಗೆ ಹೋಯಿತು. ಹಳೆಯ ಮಾತು ನಾಲಿಗೆಯವರೆಗೂ ಬಂತು. ಮುಂದಿನ ಪಾಲಿಗೆ ಇನ್ನೂ ಹೊತ್ತಿತ್ತು. ಕೈ ಹಿಂತೆಗೆದುಕೊಂಡರು. ಒಳಗೆ ಯಂತ್ರದ ಸದ್ದು ನಿಂತಿತು. ಮಗ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಚಿಮಟ ಇಸಿದುಕೊಳ್ಳಲು ಕೌಂಟರಿನ ಬಳಿ ನಿಂತ.

ಮುದುಕರು ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಏನಾಯಿತೆಂದು ಕೇಳಿದರು.

ಯಜಮಾನಿತಿ ಕೌಂಟರಿನವರೆಗೆ ಬಂದರು.

"ಇವರಿಗೆ ಪಾರ್ಕಿನ್ಸನ್ ಕಾಯಿಲೆ," ಎಂದರು, ಬೀದಿಗೂ ಕೇಳಿಸುವಷ್ಟು ಸ್ಪಷ್ಟವಾಗಿ. "ಈಗ ಕೈ ಹಿಡ್ಕೊಂಡಿದೆ. ತಾನಾಗಿ ಬಿಡತ್ತೆ, ಆದ್ರೆ ಎಷ್ಟು ಹೊತ್ತು ಅಂತ ಹೇಳೋಕಾಗಲ್ಲ. ನಿಮಗೆ ಅವಸರ ಇದ್ರೆ ಮಗ ಹಾಕಿಕೊಡ್ತಾನೆ."

ಮುದುಕರು ದನಿ ಬಂದ ದಿಕ್ಕಿಗೆ ಕಣ್ಣು ಕಿರಿದು ಮಾಡಿ ನೋಡಿದರು. ಅವರಿಗೆ ಕಂಡದ್ದು ಬರೀ ಮಬ್ಬು.

"ನನ್ನ ಕನ್ನಡಕ ಅವರ ಕೈಯಲ್ಲಿದೆಯಮ್ಮ," ಎಂದರು. "ಅದಿಲ್ದೆ ನನಗೆ ನಿಮ್ಮ ಬಾಗಿಲೇ ಕಾಣಲ್ಲ. ನಾನು ಹೋಗೋದಾದ್ರೂ ಎಲ್ಲಿಗೆ? ಕೂರೋಕೆ ಏನಾದ್ರೂ ಇದ್ರೆ ಕೊಡಿ."

ಕನ್ನಡಕದವರ ಗಂಟಲಿನಿಂದ ನಗುವೋ ಕೆಮ್ಮೋ ತಿಳಿಯದ ಒಂದು ಸದ್ದು ಹೊರಟಿತು. ಚಿಮಟ ಇನ್ನೂ ತೂತಿನ ಮೇಲೆಯೇ ನಿಂತಿತ್ತು. ಮಗ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಆಮೇಲೆ ಒಳಗೆ ಹೋಗಿ, ತಾನು ಯಂತ್ರದ ಮುಂದೆ ಕೂರುವ ಕುರ್ಚಿಯನ್ನು ಎತ್ತಿ ತಂದು ಮುದುಕರ ಹಿಂದೆ ಇಟ್ಟು, ಅವರ ತೋಳು ಹಿಡಿದು ಕೂರಿಸಿದ. ಕುರ್ಚಿಯಿಲ್ಲದ ಯಂತ್ರದ ಮುಂದೆ ನಿಂತುಕೊಂಡೇ ಗಾಜು ಉಜ್ಜತೊಡಗಿದ.